ನಲವತ್ತೇಳು ಸೆಕೆಂಡು

ಆ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಅಟೆಂಡರ್ ಆಗಿದ್ದ ಮನುಷ್ಯನಿಗೆ ಹುಡುಗರು ಬೆನ್ನ ಹಿಂದೆ ಇಟ್ಟ ಹೆಸರು ನಲವತ್ತೇಳು. ಎದುರಿಗೆ ಬಂದರೆ ಅಣ್ಣ. ಅಡ್ಡಹೆಸರಿನ ವಿಷಯ ಅವನಿಗೆ ಗೊತ್ತಿರಲಿಲ್ಲ ಎಂದೇನಲ್ಲ. ವಯಸ್ಸು ನಲವತ್ತೊಂಬತ್ತಾಗಿದ್ದರಿಂದ, ಎರಡು ವರ್ಷ ಕಡಿಮೆ ಮಾಡಿಯೇ ಕರೆಯುತ್ತಾರಲ್ಲ ಪುಣ್ಯಾತ್ಮರು ಎಂದು ಹೆಂಡತಿಯ ಮುಂದೆ ಹೇಳಿಕೊಂಡು ನಗುತ್ತಿದ್ದ. ತನ್ನನ್ನು ಹಾಸ್ಯ ಮಾಡುವ ಕೆಲಸವನ್ನು ಅವನು ಬೇರೆಯವರಿಗೆ ಬಿಟ್ಟುಕೊಡುತ್ತಿರಲಿಲ್ಲ. ಅವರು ಸರಿಯಾಗಿ ಮಾಡಲಾರರು ಎಂಬುದು ಅವನ ದೂರು.

ಹೆಸರು ಬಂದದ್ದು ಒಂದು ಪ್ರಯೋಗದಿಂದ. ಪ್ರಯೋಗವೇನೂ ದೊಡ್ಡದಲ್ಲ. ಹತ್ತು ಓಲ್ಟು ಕೊಡುವ ಒಂದು ಪವರ್ ಸಪ್ಲೈ, ಒಂದು ರೆಸಿಸ್ಟರ್, ಹೆಬ್ಬೆರಳಿನಷ್ಟು ದಪ್ಪದ ಒಂದು ಕೆಪಾಸಿಟರ್, ಒಂದು ಮೀಟರ್, ಒಂದು ಸ್ಟಾಪ್‌ವಾಚ್. ಸ್ವಿಚ್ಚನ್ನು ಒಂದು ಕಡೆಗೆ ಒತ್ತಿದರೆ ವಿದ್ಯುತ್ತು ರೆಸಿಸ್ಟರನ್ನು ದಾಟಿಕೊಂಡು ಹೋಗಿ ಕೆಪಾಸಿಟರಿನಲ್ಲಿ ತುಂಬಿಕೊಳ್ಳುತ್ತದೆ. ಮೀಟರಿನ ಅಂಕಿ ಸೊನ್ನೆಯಿಂದ ಮೊದಲು ದಡದಡನೆ ಏರುತ್ತದೆ, ಬರಬರುತ್ತಾ ನಿಧಾನವಾಗುತ್ತದೆ, ಹತ್ತರ ಹತ್ತಿರ ಹೋದಮೇಲಂತೂ ಕಾಲೆಳೆಯತೊಡಗುತ್ತದೆ. ಸ್ವಿಚ್ಚನ್ನು ಇನ್ನೊಂದು ಕಡೆಗೆ ಒತ್ತಿದರೆ ತುಂಬಿದ್ದೆಲ್ಲ ಅದೇ ಕ್ರಮದಲ್ಲಿ ಇಳಿದುಹೋಗುತ್ತದೆ, ಮೊದಲು ಬೇಗ, ಕೊನೆಗೆ ನಿಧಾನ. ಹತ್ತರಲ್ಲಿ ಆರು ಪಾಯಿಂಟ್ ಮೂರು ಓಲ್ಟು ತುಂಬಲು ಎಷ್ಟು ಸೆಕೆಂಡು ಬೇಕು ಎಂದು ಅಳೆಯಬೇಕು. ಅಷ್ಟೇ.

ಹೀಗೇಕೆ ಎಂದು ಕೇಳುವ ಹುಡುಗರಿಗೆ ಅವನ ಹತ್ತಿರ ಉತ್ತರ ಸಿದ್ಧವಾಗಿತ್ತು. "ಖಾಲಿ ಬಸ್ಸು ಬಂತು ಅಂದ್ಕೊಳ್ಳಿ. ಮೊದಲು ಎಲ್ಲರೂ ನುಗ್ತಾರೆ. ಅರ್ಧ ತುಂಬಿದ್ಮೇಲೆ ಒಳಗಿದ್ದೋರು ಹೊರಗಿನವ್ರನ್ನ ತಳ್ಳೋಕೆ ಶುರು ಮಾಡ್ತಾರೆ. ಕೊನೆಯವನು ಹತ್ತೋಕೆ ಒಂದು ಕಾಲು ಮೆಟ್ಟಿಲ ಮೇಲಿಟ್ಟುಕೊಂಡು ಪ್ರಾರ್ಥನೆ ಮಾಡ್ಬೇಕು. ರೆಸಿಸ್ಟರ್ ಅಂದ್ರೆ ಬಾಗಿಲು, ಕೆಪಾಸಿಟರ್ ಅಂದ್ರೆ ಬಸ್ಸು. ಬಾಗಿಲು ಸಣ್ಣದಾದಷ್ಟೂ ತಡ, ಬಸ್ಸು ದೊಡ್ಡದಾದಷ್ಟೂ ತಡ. ತಿಳೀತಾ?" ಕೆಪಾಸಿಟರನ್ನು ತಾನೇ ಕಂಡುಹಿಡಿದವನ ಗತ್ತಿನಲ್ಲಿ ಇದನ್ನು ಹೇಳಿ, ನೀಲಿ ಕೋಟಿನ ಜೇಬಿಗೆ ಕೈ ಹಾಕಿಕೊಂಡು ನಿಲ್ಲುತ್ತಿದ್ದ. ಜೇಬಿನಲ್ಲಿ ಮೇಜು ಒರೆಸುವ ಬಟ್ಟೆ ಇರುತ್ತಿತ್ತು.

ಕೆಲಸಕ್ಕೆ ಸೇರಿದ ವರ್ಷ, ಹೊಸ ಕೆಪಾಸಿಟರುಗಳು ಡಬ್ಬಿಯಲ್ಲಿ ಬಂದಿದ್ದಾಗ, ಅವನು ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬನೇ ಕೂತು ಆ ಪ್ರಯೋಗವನ್ನು ಹತ್ತು ಸಲ ಮಾಡಿದ್ದ. ಯಾರೂ ಹೇಳಿರಲಿಲ್ಲ. ಐದೈದು ಸೆಕೆಂಡಿಗೆ ಒಂದರಂತೆ ಓಲ್ಟು ಬರೆದು, ಸರಾಸರಿ ತೆಗೆದು, ಕೆಂಪು ಶಾಯಿಯಲ್ಲಿ ಗೆರೆ ಎಳೆದು ಒಂದು ಪಟ್ಟಿ ಮಾಡಿದ. ನಲವತ್ತೇಳು ಸೆಕೆಂಡು ಬಂತು. ಲೆಕ್ಕ ಹಾಕಿ ನೋಡಿದರೂ ನಲವತ್ತೇಳೇ. ಆಗಿನ ಮುಖ್ಯಸ್ಥರು ನೋಡಿ, "ಪರವಾಗಿಲ್ವೇ, ಒಳ್ಳೆ ಕೈ" ಎಂದರು. ಅವನ ಜೀವಮಾನದಲ್ಲಿ ವಿಜ್ಞಾನದ ಬಗ್ಗೆ ಯಾರಾದರೂ ಅವನಿಗೆ ಹೇಳಿದ ಒಳ್ಳೆಯ ಮಾತು ಅದೊಂದೇ. ಪಟ್ಟಿಯನ್ನು ತನ್ನ ಮೇಜಿನ ಗಾಜಿನ ಕೆಳಗೆ ಇಟ್ಟ. ಅದು ಅಲ್ಲೇ ಉಳಿಯಿತು.

ಆಮೇಲೆ ಒಂದು ಪದ್ಧತಿ ಬೆಳೆಯಿತು. ಹುಡುಗರು ಪ್ರಯೋಗ ಮುಗಿಸಿ ಅಳತೆಗಳ ಹಾಳೆ ತಂದು ಅವನ ಮೇಜಿನ ಮೇಲಿಡಬೇಕು. ಅವನು ನೋಡಿ ಮೂಲೆಯಲ್ಲಿ ಸಹಿ ಹಾಕಿದರೆ ಮಾತ್ರ ಉಪನ್ಯಾಸಕರು ರೆಕಾರ್ಡ್ ಪುಸ್ತಕ ಮುಟ್ಟುತ್ತಿದ್ದರು. ನಲವತ್ತೇಳರ ಆಸುಪಾಸು ಇದ್ದರೆ ಸಹಿ. ಇಲ್ಲದಿದ್ದರೆ ಹಾಳೆಯನ್ನು ಹಿಂದಕ್ಕೆ ತಳ್ಳಿ, "ನಲವತ್ತೇಳು ಬರ್ಲಿಲ್ಲ ಅಂದ್ರೆ ನಿಮ್ಮ ಕಣ್ಣು ಸರಿ ಇಲ್ಲ ಅಂತ ಅರ್ಥ. ಹೋಗಿ, ಮತ್ತೆ ಮಾಡಿ" ಎನ್ನುತ್ತಿದ್ದ. ಎರಡನೇ ಸಲಕ್ಕೆ ಹೆಚ್ಚುಕಡಿಮೆ ಎಲ್ಲರಿಗೂ ಸರಿಯಾಗಿ ಬರುತ್ತಿತ್ತು. ತಾನು ಹುಟ್ಟಾ ಮೇಷ್ಟ್ರು, ಹಣೆಬರಹ ತಪ್ಪಿ ಅಟೆಂಡರ್ ಆದವನು ಎಂಬ ನಂಬಿಕೆ ಅವನಿಗೆ ಬಂದದ್ದು ಈ ಎರಡನೇ ಸಲದಿಂದ.

ಆ ನಂಬಿಕೆಯೇ ಅವನನ್ನು ಹಳ್ಳಕ್ಕೆ ಬೀಳಿಸಿತು. ನಲವತ್ಮೂರನೇ ವಯಸ್ಸಿನಲ್ಲಿ ಖಾಸಗಿಯಾಗಿ ಪದವಿ ಪರೀಕ್ಷೆಗೆ ಕಟ್ಟಿದ. ಮೂರು ವರ್ಷದ ಓದನ್ನು ಆರು ವರ್ಷ ಓದಿದ. ಚೆನ್ನಾಗಿ ಮಾಡಬೇಕೆಂದರೆ ಎರಡರಷ್ಟು ಸಮಯ ಕೊಡಬೇಕು ಎಂದು ಹೇಳಿಕೊಂಡ. ಟೈಲರಿಂಗ್ ಮಾಡುತ್ತಿದ್ದ ಹೆಂಡತಿ ಹೊಲಿಗೆ ಯಂತ್ರ ತುಳಿಯುತ್ತಲೇ ಅವನ ಪುಸ್ತಕ ಬಿಚ್ಚಿಟ್ಟುಕೊಂಡು ಪ್ರಶ್ನೆ ಕೇಳುತ್ತಿದ್ದಳು. ಕೇಳಿ ಕೇಳಿ ಅವಳಿಗೇ ಉತ್ತರ ಬಾಯಿಪಾಠವಾಯಿತು.

"ಹಳೇ ಕೆಪಾಸಿಟರ್ ಯಾಕ್ರೀ ಕೆಡುತ್ತೆ?"

"ಒಳಗೆ ಎರಡು ಲೋಹದ ಹಾಳೆ, ಮಧ್ಯೆ ದ್ರವದಲ್ಲಿ ನೆನೆಸಿದ ಕಾಗದ ಇರುತ್ತೆ ಕಣೇ. ವರ್ಷ ಕಳೆದ ಹಾಗೆ ಅದು ಒಣಗುತ್ತೆ. ಒಣಗಿದಷ್ಟೂ ಹಿಡಿಸೋದು ಕಡಿಮೆ. ಬೇಗ ತುಂಬುತ್ತೆ, ಬೇಗ ಖಾಲಿಯಾಗುತ್ತೆ."

"ಪೂರ್ತಿ ಸರಿ. ನೀವು ಪಾಸಾದ್ರೆ ನಂಗೂ ಅರ್ಧ ಸರ್ಟಿಫಿಕೇಟ್ ಕೊಡ್ಬೇಕು."

ಅದೇ ಪ್ರಶ್ನೆ ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬಂತು. ಚಿತ್ರ ಬರೆದು ಉತ್ತರಿಸಿ ಬಂದ. ಬರೆಯುವಾಗಲಾಗಲಿ, ಬಂದಮೇಲಾಗಲಿ, ತನ್ನ ಪ್ರಯೋಗಾಲಯದ ಕಪಾಟಿನಲ್ಲಿರುವ ಕೆಪಾಸಿಟರುಗಳಿಗೂ ಇಪ್ಪತ್ತೆರಡು ವರ್ಷ ಆಗಿದೆ ಎಂಬ ಯೋಚನೆ ಅವನ ತಲೆಯೊಳಗೆ ಹಾದೂ ಹೋಗಲಿಲ್ಲ. ಹತ್ತಕ್ಕೆ ಒಂಬತ್ತು ಅಂಕ ಬಂದಿರಬೇಕು.

ಉಳಿದದ್ದು ಬಾಕಿ ಇಟ್ಟುಕೊಂಡಿದ್ದ ಎರಡನೇ ವರ್ಷದ ಪ್ರಾಯೋಗಿಕ ಪರೀಕ್ಷೆ ಒಂದೇ. ಇದರ ಮೇಲೆ ಎಲ್ಲ ನಿಂತಿತ್ತು. ಪ್ರಯೋಗಾಲಯದ ಬೋಧಕರು ಆ ತಿಂಗಳು ನಿವೃತ್ತರಾಗುತ್ತಿದ್ದರು. ಈಗಿನ ಮುಖ್ಯಸ್ಥೆ ಮೇಡಂ ಅವನನ್ನು ಕರೆದು ನೇರವಾಗಿ ಹೇಳಿದ್ದರು: "ಪಾಸಾದ್ರೆ ಆ ಜಾಗ ನಿಮಗೆ. ಪಾಸಾಗ್ಲಿಲ್ಲ ಅಂದ್ರೆ ಹೊರಗಿನಿಂದ ಒಬ್ಬರು ಬರ್ತಾರೆ. ಐವತ್ತಾದ್ಮೇಲೆ ಬಡ್ತಿ ಇಲ್ಲ, ನಿಮಗೆ ಗೊತ್ತಲ್ಲ." ಗೊತ್ತಿತ್ತು. ಹೊರಗಿನಿಂದ ಬರುವ ಆ ಇಪ್ಪತ್ತೈದರ ಮನುಷ್ಯನಿಗೆ ಕುರ್ಚಿ ಒರೆಸಿಕೊಡುವ ತನ್ನ ಚಿತ್ರವನ್ನು ಅವನು ಎಷ್ಟೋ ಸಲ ಕಣ್ಣ ಮುಂದೆ ತಂದುಕೊಂಡಿದ್ದ. ಬಹಳ ಚೆನ್ನಾಗಿ ಒರೆಸುತ್ತಿದ್ದ.

ಖಾಸಗಿ ಅಭ್ಯರ್ಥಿಗಳೂ ಅದೇ ಕಾಲೇಜಿನಲ್ಲೇ ಪರೀಕ್ಷೆ ಕೊಡಬೇಕಿತ್ತು. ಹೀಗಾಗಿ ತನ್ನ ಪರೀಕ್ಷೆಗೆ ತಾನೇ ಹಿಂದಿನ ದಿನ ಮೇಜುಗಳನ್ನು ಜೋಡಿಸಿದ, ತಂತಿಗಳನ್ನು ಬಿಡಿಸಿಟ್ಟ, ಸ್ವಿಚ್ಚೊತ್ತಿ ಮೀಟರಿನ ಅಂಕಿ ಏರುತ್ತದೆ ಇಳಿಯುತ್ತದೆ ಎಂದು ನೋಡಿದ. ಎಷ್ಟು ಹೊತ್ತಿಗೆ ಏರುತ್ತದೆ ಎಂದು ನೋಡಲಿಲ್ಲ. ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಪ್ರಯೋಗಗಳ ಹೆಸರು ಬರೆದ ಚೀಟಿಗಳನ್ನು ಮಡಚಿ ಡಬ್ಬಿಗೆ ಹಾಕಿದವನೂ ಅವನೇ. ಕೊನೆಗೆ, ಯಾರೂ ಬೆರಳು ತೋರಿಸಬಾರದೆಂದು, ಮೇಜಿನ ಗಾಜಿನ ಮೇಲೆ ಒಂದು ಹಳೆಯ ಪತ್ರಿಕೆ ಹಾಸಿ ತನ್ನ ಪಟ್ಟಿಯನ್ನು ಮುಚ್ಚಿದ. ಮುಚ್ಚುವಾಗ ತಾನು ಎಂಥ ನ್ಯಾಯವಂತ ಎಂದು ಕಣ್ಣು ತೇವವಾಯಿತು.

ಪರೀಕ್ಷೆಯ ಬೆಳಿಗ್ಗೆ ನೀಲಿ ಕೋಟಿಲ್ಲದೆ ಬಂದವನಿಗೆ ಕೈ ಎಲ್ಲಿಡಬೇಕು ತಿಳಿಯಲಿಲ್ಲ. ಅಭ್ಯಾಸಬಲ, ಎರಡು ಮೇಜು ಒರೆಸಿ, ಗ್ರಾಫ್ ಹಾಳೆ ಹಂಚತೊಡಗಿದ. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ಬಿಳಿ ಮೀಸೆಯ, ಮಾತು ಕಡಿಮೆಯ ಮನುಷ್ಯ. ಕನ್ನಡಕದ ಮೇಲಿಂದ ಅವನನ್ನು ನೋಡಿದರು.

"ಇಲ್ಲಿ ಅಟೆಂಡರ್ ಯಾರು?"

"ನಾನೇ ಸಾರ್."

"ಹಾಗಾದ್ರೆ ಈ ಪಟ್ಟಿಯಲ್ಲಿರೋ ಖಾಸಗಿ ಅಭ್ಯರ್ಥಿ?"

"ಅದೂ ನಾನೇ ಸಾರ್."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅಂದಿನ ಮಟ್ಟಿಗೆ ಅಟೆಂಡರ್ ಕೆಲಸಕ್ಕೆ ರಸಾಯನಶಾಸ್ತ್ರದವನನ್ನು ಎರವಲು ಕರೆಸಿದ್ದರು. ಅವನಿಗೆ ಇಲ್ಲಿ ಯಾವ ವಸ್ತು ಎಲ್ಲಿದೆ ಎಂಬುದೊಂದೂ ಗೊತ್ತಿರಲಿಲ್ಲ.

ಡಬ್ಬಿ ಬಂತು. ಹನ್ನೆರಡು ಅಭ್ಯರ್ಥಿಗಳು, ಮೂರು ಬಗೆಯ ಪ್ರಯೋಗ, ಒಂದೊಂದಕ್ಕೂ ನಾಲ್ಕು ಚೀಟಿ. ಅವನು ಕೈ ಹಾಕಿ ತೆಗೆದದ್ದು ಕೆಪಾಸಿಟರ್. ಮೇಡಂ ಮುಖ ಕೆಂಪಗಾಯಿತು. ಪರೀಕ್ಷಕರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಮಡಚಿದವರು ಯಾರು?" ಎಂದರು. "ಅದೂ ನಾನೇ ಸಾರ್" ಎಂದ. ಈ ಸಲ ಎಲ್ಲರೂ ನಕ್ಕರು. ಅವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಣ್ಣು ಮುಚ್ಚಿಕೊಂಡು ಬರೆದರೂ ನಲವತ್ತೇಳು ಬರೆಯಬಲ್ಲವನು ಆ ಗಳಿಗೆಯಲ್ಲಿ ಒಂದು ನಿರ್ಧಾರಕ್ಕೆ ಬಂದ: ನೆನಪಿನಿಂದ ಒಂದು ಅಂಕಿಯನ್ನೂ ಬರೆಯುವುದಿಲ್ಲ. ಎಲ್ಲವನ್ನೂ ಹೊಸದಾಗಿ ಅಳೆದು, ಈ ಮೀಸೆಯವರ ಬಾಯಿ ಮುಚ್ಚಿಸುತ್ತೇನೆ. ಪ್ರಾಮಾಣಿಕತೆ ಎನ್ನುವುದಕ್ಕಿಂತ ಇದನ್ನು ಜಂಭ ಎನ್ನುವುದೇ ಸರಿ.

ತಂತಿ ಜೋಡಿಸಿದ. ಮೀಟರ್ ನೋಡಲು ಒಮ್ಮೆ ಸ್ವಿಚ್ಚೊತ್ತಿ ತೆಗೆದ. ಸ್ಟಾಪ್‌ವಾಚ್ ಹಿಡಿದು ಶುರು ಮಾಡಿದರೆ ಅಂಕಿ ಸೊನ್ನೆಯ ಬದಲು ಎರಡರಿಂದ ಹೊರಟಿತು. ಮೊದಲು ಕೆಪಾಸಿಟರನ್ನು ಪೂರ್ತಿ ಖಾಲಿ ಮಾಡಿಕೊಳ್ಳಿ ಎಂದು ಇಪ್ಪತ್ತೆರಡು ವರ್ಷ ಹುಡುಗರ ಮೇಲೆ ಕೂಗಾಡಿದವನು ತಾನೇ ಖಾಲಿ ಮಾಡಲು ಮರೆತಿದ್ದ. ಪಕ್ಕದ ಮೇಜಿನಲ್ಲಿ ಅದೇ ಪ್ರಯೋಗ ಮಾಡುತ್ತಿದ್ದ, ಎಡಗೈಯಲ್ಲಿ ಬರೆಯುವ ಹುಡುಗಿ, "ಅಣ್ಣ, ಡಿಸ್ಚಾರ್ಜ್ ಮಾಡ್ಲಿಲ್ಲ ನೀವು" ಎಂದು ಪಿಸುಗುಟ್ಟಿದಳು. "ಗೊತ್ತಮ್ಮ, ಪರೀಕ್ಷೆ ಮಾಡ್ತಿದ್ದೆ" ಎಂದ. ಯಾರನ್ನು, ಏನನ್ನು ಪರೀಕ್ಷೆ ಮಾಡುತ್ತಿದ್ದನೋ ಅವನಿಗೂ ತಿಳಿಯದು.

ಎರಡನೇ ಸಲ ಹದಿನೈದನೇ ಸೆಕೆಂಡಿಗೆ ಸರಿಯಾಗಿ ರಸಾಯನಶಾಸ್ತ್ರದವನು ಬಂದು, "ಪೆನ್ಸಿಲ್ ಮೊನೆ ಮಾಡೋದು ಎಲ್ಲಿಟ್ಟಿದೀಯ?" ಎಂದ. ಬಾಯಲ್ಲಿ ಎಡಗಡೆ ಡ್ರಾಯರ್ ಎಂದು ಹೇಳುತ್ತಾ ಕಣ್ಣಲ್ಲಿ ಮೀಟರ್ ನೋಡುತ್ತಾ ಎರಡೂ ಕೆಟ್ಟವು. ಮೂರನೇ ಸಲ ಎಲ್ಲ ಸರಿಯಾಗಿ ನಡೆಯಿತು. ಆರು ಪಾಯಿಂಟ್ ಮೂರು ಬಂದಾಗ ಬಟನ್ ಒತ್ತಿದ. ಇಪ್ಪತ್ತೊಂಬತ್ತು ಸೆಕೆಂಡು.

ಸ್ಟಾಪ್‌ವಾಚನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಮತ್ತೆ ಮಾಡಿದ. ಇಪ್ಪತ್ತೆಂಟೂವರೆ. ರೆಸಿಸ್ಟರಿನ ಬಣ್ಣದ ಪಟ್ಟೆಗಳನ್ನು ಓದಿದ, ಸರಿ ಇತ್ತು. ಸಪ್ಲೈ ಹತ್ತೇ ಓಲ್ಟು ಕೊಡುತ್ತಿತ್ತು. ಖಾಲಿಯಾಗುವುದನ್ನು ಅಳೆದ, ಅದೂ ಇಪ್ಪತ್ತೊಂಬತ್ತು. ಅತ್ತ ಕಡೆ ಇದೇ ಪ್ರಯೋಗದ ಉಳಿದ ಮೂವರು ಆಗಲೇ ಗ್ರಾಫ್ ಎಳೆಯುತ್ತಿದ್ದರು. ಬಗ್ಗಿ ನೋಡಿದ. ನಲವತ್ತೇಳು, ನಲವತ್ತೇಳು, ನಲವತ್ತೇಳು. ನನ್ನ ಕಣ್ಣು ಕೆಟ್ಟಿತು ಅನ್ನಿಸಿತು. ವಯಸ್ಸಾಯಿತು, ಇನ್ನು ಕುರ್ಚಿ ಒರೆಸುವುದೇ ಗತಿ ಅನ್ನಿಸಿತು. ಕಣ್ಣುಜ್ಜಿಕೊಂಡು ಐದನೇ ಸಲ ಮಾಡಿದ. ಇಪ್ಪತ್ತೊಂಬತ್ತು.

ಆಗ ಹೊಳೆಯಿತು. ಹತ್ತು ಅಂಕದ ಆ ಪ್ರಶ್ನೆ, ಅದರ ಉತ್ತರ, ಹೆಂಡತಿಯ ಹೊಲಿಗೆ ಯಂತ್ರದ ಸದ್ದಿನೊಂದಿಗೆ ತಲೆಗೆ ಬಂದು ಹೊಡೆಯಿತು. ಒಣಗಿದೆ. ಅವನ ಕಣ್ಣೆದುರಿಗೇ, ಅವನದೇ ಕಪಾಟಿನಲ್ಲಿ, ವರ್ಷವರ್ಷವೂ ಇಷ್ಟಿಷ್ಟೇ ಒಣಗುತ್ತಾ ಬಂದಿದೆ. ಹಾಗಿದ್ದರೆ ಈ ಮೂವರಿಗೆ ನಲವತ್ತೇಳು ಎಲ್ಲಿಂದ ಬಂತು? ಮೇಜಿನ ಕಡೆ ನೋಡಿದ. ಪತ್ರಿಕೆ ಅಲುಗಾಡದೆ ಬಿದ್ದಿತ್ತು. ಅದನ್ನು ಸರಿಸುವ ಅಗತ್ಯ ಯಾರಿಗೂ ಇರಲಿಲ್ಲ. ಸಹಿಗೆ ಬಂದು ಮೇಜಿನ ಆಚೆ ನಿಂತವರು ಇಷ್ಟು ವರ್ಷವೂ ಆ ಪಟ್ಟಿಯನ್ನು ತಲೆಕೆಳಗಾಗಿ ಓದಿ ಬಾಯಿಪಾಠ ಮಾಡಿಕೊಂಡಿದ್ದರು. ಎರಡನೇ ಸಲ ಎಲ್ಲರಿಗೂ ಸರಿಯಾಗಿ ಬರುತ್ತಿದ್ದದ್ದು ಹಾಗೆ. ಹುಟ್ಟಾ ಮೇಷ್ಟ್ರು!

ಪೆನ್ನು ತಾನಾಗಿಯೇ ನಲವತ್ತೇಳು ಎಂದು ಬರೆಯಲು ಹೊರಟಿತು. ಬರೆದುಬಿಡುತ್ತಿದ್ದನೇನೋ. ಆದರೆ ತಲೆಯೆತ್ತಿದರೆ ಪರೀಕ್ಷಕರು ಬೆನ್ನ ಹಿಂದೆಯೇ ನಿಂತಿದ್ದರು. ಐದನೇ ಅಳತೆಯನ್ನು ಅವರೂ ನೋಡಿದ್ದರು. ಇಪ್ಪತ್ತೊಂಬತ್ತು ಎಂದು ಬರೆದ. ಸತ್ಯಸಂಧ ಎಂದು ಅವನಿಗೆ ಯಾರೂ ಹಾರ ಹಾಕಬೇಕಾಗಿಲ್ಲ, ಬೇರೆ ದಾರಿ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪರೀಕ್ಷಕರು ನಾಲ್ಕೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನಾಲ್ವರನ್ನೂ ಕರೆದರು. ಮೇಡಂ ಪಕ್ಕದಲ್ಲಿ ಕೂತಿದ್ದರು.

"ಈ ಮೂವರಿಗೆ ನಲವತ್ತೇಳು. ಲೆಕ್ಕದ ಪ್ರಕಾರಾನೂ ನಲವತ್ತೇಳು. ನಿಮಗೊಬ್ಬರಿಗೇ ಇಪ್ಪತ್ತೊಂಬತ್ತು. ಅಳೆದದ್ದನ್ನ ನಾನೂ ನೋಡಿದೆ, ಆದ್ರೆ ಜೋಡಣೆಯಲ್ಲೇ ಏನೋ ತಪ್ಪಿರಬೇಕು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ನೋಯಿಸಿತು. "ಇಪ್ಪತ್ತೆರಡು ವರ್ಷ ಇದೇ ಕೋಣೆಯಲ್ಲಿ ಇದ್ದೀರಂತೆ. ಇದಕ್ಕೆ ನಾನು ಹೇಗೆ ಅಂಕ ಕೊಡ್ಲಿ, ಹೇಳಿ."

"ಕೆಪಾಸಿಟರ್ ಒಣಗಿದೆ ಸಾರ್."

"ನಾಲ್ಕೂ ಒಂದೇ ಡಬ್ಬಿಯಿಂದ ಬಂದದ್ದು ಅಂತ ಮೇಡಂ ಹೇಳ್ತಾರೆ. ನಿಮ್ಮದು ಮಾತ್ರ ಒಣಗಿತಾ?"

ಉತ್ತರ ಇತ್ತು. ಹೇಳಿದರೆ ಅವನು ಪಾಸು. ಆದರೆ ಹೇಳಿದರೆ ಈ ಮೂವರು ಅಳೆಯದೆ ಬರೆದವರು ಎಂದಾಗುತ್ತದೆ. ಪರೀಕ್ಷೆಯಲ್ಲಿ ಮೋಸ ಮಾಡಿದವರು ಎಂದು ಬರೆದರೆ ಅವರ ವರ್ಷವೇ ಹೋಗಬಹುದು. ಬಾಯಿ ಮುಚ್ಚಿಕೊಂಡರೆ ಮೂವರೂ ಪಾರು, ಅವನೊಬ್ಬನೇ ಫೇಲು. ಮೇಡಂ ಅವನನ್ನೇ ನೋಡುತ್ತಿದ್ದರು. ವಿಭಾಗದ ಮಾನ ನಿಮ್ಮ ಕೈಯಲ್ಲಿದೆ, ಸುಮ್ಮನಿರಿ ಎಂದು ಆ ಕಣ್ಣು ಹೇಳುತ್ತಿತ್ತು. ಆರು ವರ್ಷದ ಓದು, ಹೆಂಡತಿಯ ಅರ್ಧ ಸರ್ಟಿಫಿಕೇಟು, ಬೋಧಕರ ಕುರ್ಚಿ ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದು ನಿಂತವು. ಅವನಿಗೆ ಆ ಕುರ್ಚಿ ಬೇಕಿತ್ತು, ಬಹಳ ಬೇಕಿತ್ತು. ಎದ್ದು ಹೋಗಿ ತನ್ನ ಮೇಜಿನ ಮೇಲಿನ ಪತ್ರಿಕೆಯನ್ನು ಎಳೆದು ಹಾಕಿದ.

"ಸಾರ್, ದಯವಿಟ್ಟು ಇಲ್ಲಿ ಬನ್ನಿ. ಮಕ್ಕಳನ್ನ ಏನೂ ಅನ್ಬೇಡಿ. ಅವ್ರು ಬರೆದಿರೋದು ನಾನು ಅಳೆದದ್ದು."

ಪರೀಕ್ಷಕರು ಬಗ್ಗಿ, ಹಳದಿಗಟ್ಟಿದ ಹಾಳೆಯನ್ನು ಗಾಜಿನ ಮೇಲಿಂದ ಓದಿದರು.

"ಯಾವ ಕಾಲದ್ದಿದು?"

"ನಾನು ಕೆಲಸಕ್ಕೆ ಸೇರಿದ ವರ್ಷದ್ದು ಸಾರ್. ಆವಾಗ ನಿಜವಾಗಿತ್ತು. ಆಮೇಲೆ ನಾನು ಅಳೀಲೇ ಇಲ್ಲ. ಇದು ಬಾರದೇ ಇದ್ದೋರಿಗೆ ಸಹಿ ಹಾಕ್ಲಿಲ್ಲ. ಸಹಿ ಬೇಕಲ್ಲ ಅವ್ರಿಗೆ, ಇದನ್ನೇ ಬರೆದ್ರು. ಮೋಸ ಮಾಡೋದು ಅವ್ರಿಗೆ ನಾನು ಕಲಿಸಿದ್ದು. ಗೊತ್ತಿಲ್ದೇ ಕಲಿಸಿದೆ, ಆದ್ರೆ ಬಹಳ ಶ್ರದ್ಧೆಯಿಂದ ಕಲಿಸಿದೆ."

ಮೇಡಂ ಕಣ್ಣು ಮುಚ್ಚಿಕೊಂಡರು. ಪರೀಕ್ಷಕರು ಮೂವರಿಗೂ, "ನಿಮ್ಮ ನಿಮ್ಮ ಮೇಜಿಗೆ ಹೋಗಿ. ನನ್ನೆದುರಿಗೆ ಮತ್ತೊಂದು ಸಲ ಅಳೆಯಿರಿ. ಏನು ಬರುತ್ತೋ ಅದನ್ನೇ ಬರೀರಿ" ಎಂದರು. ಮೂವರೂ ಅಳೆದರು. ಮೂವತ್ತೊಂದು, ಇಪ್ಪತ್ತೆಂಟು, ಎಡಗೈ ಹುಡುಗಿಯದು ಮೂವತ್ಮೂರು. ಅವಳ ಕಚ್ಚಾ ಹಾಳೆಯನ್ನು ಪರೀಕ್ಷಕರು ಕೈಗೆತ್ತಿಕೊಂಡರು. ಅದರಲ್ಲಿ ಬೆಳಿಗ್ಗೆಯೇ ಬರೆದ ಮೂವತ್ಮೂರು ಇತ್ತು, ಅದರ ಮೇಲೆ ಎರಡು ಗೆರೆ ಎಳೆದಿತ್ತು, ಪಕ್ಕದಲ್ಲಿ ನಲವತ್ತೇಳು.

"ಸರಿಯಾಗಿ ಅಳೆದಿದ್ದೀಯಲ್ಲಮ್ಮ. ಯಾಕೆ ಹೊಡೆದು ಹಾಕಿದೆ?"

ಹುಡುಗಿ ಅವನ ಕಡೆ ನೋಡಿದಳು, ನೆಲ ನೋಡಿದಳು. "ನಲವತ್ತೇಳು ಬರ್ಲಿಲ್ಲ ಅಂದ್ರೆ ಕಣ್ಣು ಸರಿ ಇಲ್ಲ ಅಂತ ಅರ್ಥ, ಸಾರ್."

ಪರೀಕ್ಷಕರು ಹೊಸ ಅಳತೆಗಳಿಗೆ ಅಂಕ ಕೊಟ್ಟರು, ಯಾರ ಮೇಲೂ ಏನೂ ಬರೆಯಲಿಲ್ಲ. ಹೋಗುವ ಮುನ್ನ ಹೊಸ ಕೆಪಾಸಿಟರ್ ತರಿಸಿ ಎಂದು ಮೇಡಂಗೆ ಒಂದು ಸಾಲಿನ ಸೂಚನೆ ಬರೆದು ಕೊಟ್ಟರು. ಮೇಡಂ ಅವನನ್ನು ಬಾಗಿಲ ಹತ್ತಿರ ನಿಲ್ಲಿಸಿ, ಸಿಟ್ಟೋ ಸಮಾಧಾನವೋ ಗೊತ್ತಾಗದ ಮುಖದಲ್ಲಿ, "ಐವತ್ತಕ್ಕೆ ಇಪ್ಪತ್ತೇಳು. ಪಾಸಾಗಿದ್ದೀರಿ. ನಿಮ್ಮ ಗ್ರಾಫ್ ಬಹಳ ಕೆಟ್ಟದಾಗಿತ್ತಂತೆ" ಎಂದು ಹೇಳಿ ಹೋದರು.

ಪಾಸು! ಹೆಂಡತಿಗೆ ಫೋನ್ ಮಾಡಬೇಕೆಂದು ಜೇಬಿಗೆ ಕೈ ಹಾಕಿದ. ಅಷ್ಟರಲ್ಲಿ ಎಡಗೈ ಹುಡುಗಿ ಚೀಲ ಹೆಗಲಿಗೆ ಹಾಕಿಕೊಂಡು ಹತ್ತಿರ ಬಂದು ನಿಂತಳು.

"ಅಣ್ಣ, ಹಾಗಾದ್ರೆ ಮೊದಲನೇ ವರ್ಷದಲ್ಲೂ ನಂಗೆ ಬಂದದ್ದು ಸರಿ ಇತ್ತಾ? ಆಗ ಮೂವತ್ನಾಲ್ಕು ಬಂದಿತ್ತು. ನೀವು ಮೂರು ಸಲ ವಾಪಸ್ ಕಳಿಸಿದ್ರಿ."

"ಸರಿ ಇತ್ತಮ್ಮ."

"ನೀವು ಹೇಳಿದ್ರಲ್ಲ ಅಂತ ಅಮ್ಮನ್ನ ಕರ್ಕೊಂಡು ಕಣ್ಣಿನ ಡಾಕ್ಟ್ರ ಹತ್ರ ಹೋಗಿದ್ದೆ. ಕಣ್ಣಿಗೇನೂ ಆಗಿಲ್ಲ ಅಂದ್ರು." ಅವಳು ನಗಲು ನೋಡಿದಳು. "ಕಣ್ಣು ಸರಿ ಇದೆ ಅಂದ್ಮೇಲೆ ತಲೆನೇ ಸರಿ ಇಲ್ಲ ಅನ್ಕೊಂಡೆ. ಇನ್ನೊಂದು ವರ್ಷ ಇದನ್ನೇ ಓದೋದು ನನ್ನ ಕೈಲಾಗಲ್ಲ ಅಂತ ಸೋಮವಾರ ಆಫೀಸಿಗೆ ಫಾರಂ ಕೊಟ್ಟೆ, ಭೌತಶಾಸ್ತ್ರ ಬಿಡ್ತೀನಿ ಅಂತ."

ಜೀವನದಲ್ಲಿ ಮೊದಲ ಸಲ ಅವನಿಗೆ ತನ್ನ ಬಗ್ಗೆ ಹಾಸ್ಯ ಮಾಡಲು ಏನೂ ಸಿಗಲಿಲ್ಲ. ಫೋನಿಗೆಂದು ಜೇಬಿಗೆ ಹಾಕಿದ್ದ ಕೈಯನ್ನು ಹಾಗೇ ಹೊರಗೆ ತೆಗೆದ. ಹಾಳೆಯನ್ನು ಹಿಂದಕ್ಕೆ ತಳ್ಳಿದ ಆ ಮೂರು ಸಲವೂ ತಾನು ಇವಳ ಮುಖವನ್ನಾದರೂ ನೋಡಿದ್ದೆನೇ ಎಂದು ನೆನಪಿಸಿಕೊಳ್ಳಲು ನೋಡಿದ. ನೋಡಿರಲಿಲ್ಲ. ಅಂಕಿ ನೋಡಿದ್ದ.

"ಬಾ" ಎಂದ.

ಹೊರಗೆ ಪಡಸಾಲೆ ದಾಟಿ, ಮೆಟ್ಟಿಲಿಳಿದು, ಕಚೇರಿಯ ಕಿಟಕಿಗೆ ಇಬ್ಬರೂ ಹೋದರು. ಗುಮಾಸ್ತ ಬೀಗದ ಕೈ ಕೈಯಲ್ಲಿ ಹಿಡಿದು ಹೊರಡುವ ತಯಾರಿಯಲ್ಲಿದ್ದ. ಫಾರಂ ವಾಪಸು ಬೇಕು ಎಂದಾಗ ಅವನ ಹುಬ್ಬು ಮೇಲಕ್ಕೇರಿತು.

"ಎಲ್ಲಾ ಕಟ್ಟು ಕಟ್ಟಿ ಮೊಹರು ಹಾಕಿ ಆಯ್ತು. ನಾಳೆ ಬೆಳಿಗ್ಗೆ ವಿಶ್ವವಿದ್ಯಾಲಯಕ್ಕೆ ಹೋಗುತ್ತೆ. ಈಗ ಬಿಚ್ಚೋಕಾಗಲ್ಲ ಮಾರಾಯ."

"ಬಿಚ್ಚಬೇಕು."

"ಇದೊಳ್ಳೆ ಕಥೆ! ಬೇಕಾದ್ರೆ ಅವರಪ್ಪನೋ ಅಮ್ಮನೋ ಬಂದು ಬರೆದುಕೊಡ್ಲಿ. ನಿನಗೇನಾಗಬೇಕು ಈ ಹುಡುಗಿ?"

ಅವನು ಕಿಟಕಿಯ ಕಂಬಿ ಹಿಡಿದುಕೊಂಡ. ಹುಡುಗಿ ಪಕ್ಕದಲ್ಲೇ ನಿಂತಿದ್ದಳು, ಹೇಳುವುದನ್ನು ಅವಳ ಎದುರಿಗೇ ಹೇಳಬೇಕಿತ್ತು.

"ಏನೂ ಆಗ್ಬೇಕಿಲ್ಲ. ಇವಳು ಸರಿಯಾಗಿ ಅಳೆದಿದ್ಲು, ನಾನು ತಪ್ಪು ಅಂದೆ. ಬರೆದುಕೊಡೋದಿದ್ರೆ ನಾನು ಬರೆದುಕೊಡ್ತೀನಿ, ಕಾಗದ ಕೊಡಿ."

ಗುಮಾಸ್ತ ಅವನ ಮುಖವನ್ನೊಮ್ಮೆ ನೋಡಿ, ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಒಂದು ಬಿಳಿ ಹಾಳೆಯನ್ನು ಕಿಟಕಿಯಿಂದ ಈಚೆಗೆ ತಳ್ಳಿದ.